ಟಕ್ ಇದ್ದ ಹಾಡು

ನಮ್ಮ ಕಡೆ ಒಂದು ಹಾಡಿನ ಮಧ್ಯದಲ್ಲಿ ‘ಟಕ್’ ಎಂಬ ಸದ್ದಿದೆ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಎರಡನೆಯ ನುಡಿ ಮುಗಿಯುತ್ತದೆ, ಟಕ್ ಅನ್ನುತ್ತದೆ, ಪಲ್ಲವಿ ಬರುತ್ತದೆ. ಮದುವೆ ಮನೆಯಲ್ಲಿ ಆ ಜಾಗ ಬಂದಾಗ ಊಟಕ್ಕೆ ಕೂತವರು, ನಿಂತವರು, ಎಲೆ ಎತ್ತುವವರು ಎಲ್ಲರೂ ಒಟ್ಟಿಗೆ ಬಾಯಲ್ಲಿ ‘ಟಕ್’ ಅನ್ನುತ್ತಿದ್ದರು. ಅಡುಗೆಯವರು ಸೌಟಿನಿಂದ ಪಾತ್ರೆಗೆ ಒಂದೇಟು ಹಾಕುತ್ತಿದ್ದರು. ತುಮಕೂರು ದಾಟಿದರೆ ಈ ಟಕ್ ಯಾರಿಗೂ ಗೊತ್ತಿಲ್ಲ.

ಅದನ್ನು ಹಾಡಿಗೆ ಹಾಕಿದವರು ನಮ್ಮ ಮೈಕ್ ಭಾಯ್. ಅವರು ತೀರಿಕೊಂಡು ನಾಲ್ಕು ತಿಂಗಳಾಯಿತು.

ನಾನು ಅವರ ಮೈಕ್‌ಸೆಟ್ಟು ಹೊರುವ ಲಗೇಜ್ ಗಾಡಿಯ ಡ್ರೈವರ್. ಇಪ್ಪತ್ತೆರಡು ವರ್ಷ ಅವರನ್ನೂ ಅವರ ಹಾರ್ನುಗಳನ್ನೂ ಊರಿಂದೂರಿಗೆ ಸಾಗಿಸಿದ್ದೇನೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಇಷ್ಟು ಉದ್ದ ಏನನ್ನೂ ಬರೆದವನಲ್ಲ. ಮಗಳು ಮೊನ್ನೆ, “ಅಪ್ಪ, ಗಾಡೀಲಿ ಒಬ್ಬನೇ ಬೈಕೊಂಡು ಹೋಗ್ತೀಯಂತೆ, ಜನ ನೋಡಿ ನಗ್ತಾರೆ. ಅದರ ಬದ್ಲು ಒಂದು ಕಡೆ ಬರ್ದಿಡು” ಅಂದಳು. ಅದಕ್ಕೇ ಕೂತಿದ್ದೇನೆ.

ಭಾಯ್ ಅಂಗಡಿ ಶಿರಾದಲ್ಲಿ, ಮಸೀದಿಗೆ ಹೋಗುವ ದಾರಿಯಲ್ಲಿ. ಅಂಗಡಿ ಅಂದರೆ ಒಂದು ಕೋಣೆ, ಅದರ ತುಂಬ ವೈರು. ಒಂದು ವೈರನ್ನೂ ಎಸೆದವರಲ್ಲ. “ಬಿಸಾಕೋಕೆ ಐದು ನಿಮಿಷ ಸಾಕು ತಮ್ಮಾ, ಮತ್ತೆ ಹುಡುಕೋಕೆ ಬೆಂಗಳೂರ್ಗೆ ಹೋಗ್ಬೇಕು” ಅನ್ನುತ್ತಿದ್ದರು. ಎಡಗಿವಿ ಪೂರ್ತಿ ಕೇಳುತ್ತಿರಲಿಲ್ಲ. ಮೂವತ್ತು ವರ್ಷ ಹಾರ್ನಿನ ಪಕ್ಕ ನಿಂತ ಕಿವಿ ಅದು. ಗಾಡಿಯಲ್ಲಿ ಕೂತಾಗ ಆ ಕಿವಿ ಕಿಟಕಿಯ ಕಡೆಗೆ, ಕೇಳುವ ಬಲಗಿವಿ ನನ್ನ ಕಡೆಗೆ. ನಮ್ಮ ಸ್ನೇಹ ಬೆಳೆಯಲು ಅದೂ ಒಂದು ಕಾರಣ ಇರಬೇಕು. ದಾರಿಯುದ್ದಕ್ಕೂ ಅವರಿಗೆ ಕೇಳಿಸುತ್ತಿದ್ದುದು ನಾನೊಬ್ಬನೇ.

ಅವರ ಕೆಲಸದಲ್ಲಿ ಒಂದೆರಡು ಪದ್ಧತಿಗಳಿದ್ದವು. ಬೇರೆ ಮೈಕಿನವರ ಹಾಗೆ ‘ಹಲೋ, ಹಲೋ’ ಅಂತ ಶುರು ಮಾಡುತ್ತಿರಲಿಲ್ಲ. ಆ ಮನೆಯ ಅತಿ ಹಿರಿಯ ಹೆಂಗಸನ್ನು ಕರೆದು ಮೈಕ್ ಹಿಡಿಸುತ್ತಿದ್ದರು. “ಏನಾದ್ರೂ ಮಾತಾಡಜ್ಜಿ, ನಿನ್ನ ದನಿ ಚೆನ್ನಾಗಿ ಬಂತು ಅಂದ್ರೆ ಎಲ್ಲಾ ಚೆನ್ನಾಗಿ ಬರ್ತದೆ” ಅನ್ನುವರು. ಅಜ್ಜಿಯರು ಏನು ಹೇಳಿಯಾರು? ಹುಲಿಕುಂಟೆಯ ಒಬ್ಬಾಕೆ, “ಲೇ, ಕೊಟ್ಗೇಲಿ ಎಮ್ಮೆ ಬಿಚ್ಕೊಂಡೈತೆ, ಯಾರಾದ್ರೂ ನೋಡ್ರಲಾ” ಅಂದಿದ್ದರು. ಊರಿಗೆ ಊರೇ ಎಮ್ಮೆ ಹಿಡಿಯಲು ಓಡಿತ್ತು. ವೈ.ಎನ್.ಹೊಸಕೋಟೆಯಲ್ಲಿ ಇನ್ನೊಬ್ಬಾಕೆ ತನ್ನ ದನಿ ಹಾರ್ನಿನಲ್ಲಿ ಕೇಳಿ ಹೆದರಿ, ತೆಲುಗಿನಲ್ಲಿ “ಇದಿ ನಾ ಗೊಂತೇನಾ?” ಅಂತ ಕೇಳಿದರು. “ನಿಮ್ದೇ ಗಂಟಲು ಕಣಮ್ಮ, ನಮ್ದೇನೂ ಬೆರಕೆ ಇಲ್ಲ” ಅಂದರು ಭಾಯ್.

ಇನ್ನೊಂದು ಪದ್ಧತಿ ಹಾರ್ನು ತಿರುಗಿಸುವುದು. ಎಲ್ಲರೂ ಊರಿನ ಕಡೆಗೆ ತಿರುಗಿಸುತ್ತಾರೆ. ಇವರು ಎರಡು ಊರಿನ ಕಡೆ, ಎರಡು ಹೊಲದ ಕಡೆ. ಕೇಳಿದರೆ, “ಊರಿನವರು ಹೆಂಗೂ ಬಂದವ್ರೆ. ಕಡ್ಲೇಕಾಯಿ ಕೀಳೋರು ಬರೋಕಾಗ್ತದಾ? ಅವ್ರಿಗೆ ಹಾಡಾದ್ರೂ ಹೋಗ್ಲಿ” ಅನ್ನುತ್ತಿದ್ದರು.

ಅಜ್ಜಿಯ ಮಾತಾದ ಮೇಲೆ ಮೊದಲ ಹಾಡು ಯಾವಾಗಲೂ ಒಂದೇ. ನಾವೆಲ್ಲ ಅದನ್ನು ಗಾಳಿ ಹಾಡು ಅನ್ನುತ್ತಿದ್ದೆವು. ಹಿಂದೆ ಯಾರೋ ನಾಲ್ಕು ಜನ ಕಾಲೇಜು ಹುಡುಗರು ಗಿಟಾರಿನ ಜೊತೆ ತಮಟೆ ಸೇರಿಸಿ, ಜನಪದದ ಧಾಟಿಯಲ್ಲಿ ಕಟ್ಟಿದ ಹಾಡು. ಅವರು ತಂದದ್ದು ಒಂದೇ ಕ್ಯಾಸೆಟ್ಟು. ಆಮೇಲೆ ಒಬ್ಬೊಬ್ಬರು ಒಂದೊಂದು ಕಡೆ ಹೋದರಂತೆ. ಭಾಯ್ ಅದನ್ನು ಬೆಂಗಳೂರಿನ ಫುಟ್‌ಪಾತಿನ ರಾಶಿಯಲ್ಲಿ ಆರಿಸಿ ತಂದಿದ್ದರು. ಒಬ್ಬಳು ಹೆಂಗಸು ಗಾಳಿಯನ್ನು ನಿಲ್ಲಿಸಿ ಕೇಳುವ ಹಾಡು.

ಬೀಸೋ ಗಾಳಿ, ನಿಂತು ಹೇಳೋ,
ಹೋದೋನೆಲ್ಲಿ, ಬರುವುದೆಂದು?

ಎರಡು ನುಡಿಯಲ್ಲೂ ಆಕೆ ಕೇಳುತ್ತಾಳೆ, ಬೈಯುತ್ತಾಳೆ. ಆಮೇಲೆ ಟಕ್. ಆಮೇಲೆ ಮತ್ತೆ ಬೀಸೋ ಗಾಳಿ. ಅಲ್ಲಿಗೆ ಮುಗಿಯಿತು. ಕ್ಯಾಸೆಟ್ಟು ಹೋಗಿ ಸಿ.ಡಿ. ಬಂತು, ಸಿ.ಡಿ. ಹೋಗಿ ಪೆನ್‌ಡ್ರೈವ್ ಬಂತು. ಭಾಯ್ ತಮ್ಮ ಹಳೆಯ ಕ್ಯಾಸೆಟ್ಟಿನಿಂದಲೇ ಎಲ್ಲಕ್ಕೂ ತುಂಬಿಸಿಕೊಂಡರು. ಟಕ್ ಕೂಡ ಜೊತೆಗೇ ಬಂತು.

ಹೀಗಿರುವಾಗ ಟಿ.ವಿ.ಯ ಹಾಡಿನ ಸ್ಪರ್ಧೆಯಲ್ಲಿ ಗೆದ್ದ ಒಬ್ಬ ಹುಡುಗ ಈ ಹಾಡನ್ನು ಹೊಸದಾಗಿ ಹಾಡಿದ. ಹದಿನೇಳು ವರ್ಷ. ಹಣೆಯ ಮೇಲೆ ಬೀಳುವ ಕೂದಲು. ನಮ್ಮ ಬೀದಿಯ ಹುಡುಗಿಯರ ಮೊಬೈಲಿನಲ್ಲೆಲ್ಲ ಅವನದೇ ಮುಖ. ತಮಟೆಯ ಜಾಗದಲ್ಲಿ ಕಂಪ್ಯೂಟರಿನ ಧಬಧಬ, ಮಧ್ಯೆ ಮಧ್ಯೆ ‘ಓ ಓ ಓ’. ಟಕ್ ಇಲ್ಲ. ಅದರ ಬದಲು ಅದೇ ಜಾಗದಲ್ಲಿ ಇನ್ನೊಂದು ನುಡಿ.

ಟೀ ಅಂಗಡಿಯಲ್ಲಿ ಅದನ್ನು ಮೊದಲ ಸಲ ಕೇಳಿದಾಗ ಭಾಯ್ ಲೋಟ ಕೆಳಗಿಟ್ಟರು.

“ಏನ್ಲಾ ಇದು? ಇವ್ನು ಯಾರ್ಲಾ ಹಾಡಿಗೆ ಹೊಸ ನುಡಿ ಹಾಕೋಕೆ? ತಾಜ್‌ಮಹಲ್‌ಗೆ ಶೀಟ್ ಮನೆ ಸೇರ್ಸಿದಂಗೈತೆ!”

“ಚೆನ್ನಾಗೈತಲ್ಲ ಭಾಯ್” ಅಂದ ಟೀ ಅಂಗಡಿಯವನು, ಬೇಕಂತಲೇ.

“ಚೆನ್ನಾಗೈತಾ? ಟಕ್ ಎಲ್ಲಿ? ಟಕ್ ತೆಗ್ದ ಮೇಲೆ ಅದ್ರಲ್ಲಿ ಏನುಳೀತು? ಕೇಳ್ಕೊಳ್ಳಿ ಎಲ್ರೂ. ಆ ಹಾಡು ನನ್ನ ಹಾರ್ನಲ್ಲಿ ಬಂದ್ರೆ, ನಾಳೆಯಿಂದ ನಾನು ಮೈಕ್ ಮುಟ್ಟಾಕಿಲ್ಲ.”

ಹತ್ತು ಜನರ ಮುಂದೆ ಆಡಿದ ಮಾತು. ಅದೇ ತಿಂಗಳು ನನ್ನ ಮಗಳ ಮದುವೆ ಗೊತ್ತಾಯಿತು.

ಮಗಳು ಹುಟ್ಟಿದಾಗಿನಿಂದ ಭಾಯ್ ಹೇಳಿದ್ದು ಒಂದೇ, “ಇವ್ಳ ಮದುವೆ ಮೈಕ್ ನಂದು. ಯಾರೂ ಅಡ್ಡ ಬರೋ ಹಂಗಿಲ್ಲ.” ಅವಳಿಗೆ ಅವರು ಭಾಯ್ ಮಾಮ. ಆದರೆ ಅವಳಿಗೆ ಬೇಕಾದದ್ದು ಹೊಸ ಹಾಡು. ಮಂಟಪಕ್ಕೆ ನಡೆದು ಬರುವಾಗ ಆ ಹುಡುಗನ ಹಾಡೇ ಇರಬೇಕು, ಆ ಮೂರನೆಯ ನುಡಿ ಇರಲೇಬೇಕು.

“ಭಾಯ್ ಮಾಮ, ಒಂದೇ ಒಂದ್ಸಲ” ಅಂತ ಕೇಳಿದಳು.

“ನೀನು ಚಂದ್ರನ್ನ ಕೇಳು ತಂದ್ಕೊಡ್ತೀನಿ. ಇದೊಂದು ಬ್ಯಾಡ ಕಣಮ್ಮ.”

“ಹಂಗಾದ್ರೆ ತುಮಕೂರಿಂದ ಡಿಜೆ ಕರೆಸ್ತೀನಿ.”

“ಕರ್ಸು.”

ಅವಳು ಅಳುತ್ತಾ ಒಳಗೆ ಹೋದಳು. ಇವರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ನಾನು ಮಧ್ಯದಲ್ಲಿ ನಿಂತೆ. ಮಗಳ ಮದುವೆಗೆ ಭಾಯ್ ಬರಿಗೈಯಲ್ಲಿ ನೆಂಟರ ಹಾಗೆ ಬಂದು ಉಂಡು ಹೋಗುವುದನ್ನು ನೆನೆಸಿಕೊಂಡರೆ ಅನ್ನ ಇಳಿಯುತ್ತಿರಲಿಲ್ಲ. ಅವರು ಬರದೇ ಇದ್ದರೂ ಇರಬಹುದು. ಅವಳ ಹಟ ನನಗೆ ಗೊತ್ತು, ಇವರದೂ ಗೊತ್ತು. ಅವಳು ಡಿಜೆಯವನಿಗೆ ಸೋಮವಾರ ಫೋನು ಮಾಡುವುದು ಅಂತ ಆಯಿತು.

ಅದರ ಹಿಂದಿನ ಶನಿವಾರ ಮಧುಗಿರಿಯಲ್ಲಿ, ಬೆಟ್ಟದ ಕೆಳಗಿನ ಮೈದಾನದಲ್ಲಿ ಅದೇ ಹುಡುಗನ ಕಾರ್ಯಕ್ರಮ. ದೊಡ್ಡ ಸೌಂಡು ಬೆಂಗಳೂರಿನಿಂದ ಬಂದಿತ್ತು. ಜನ ಹೆಚ್ಚಾಗಿ ರಸ್ತೆಯವರೆಗೂ ನಿಲ್ಲುತ್ತಾರೆ, ಅಲ್ಲಿಗೆ ನಾಲ್ಕು ಹಾರ್ನು ಬೇಕು ಅಂತ ಭಾಯ್‌ಗೆ ಹೇಳಿಕಳಿಸಿದ್ದರು. ಹಳೆಯ ಗುರುತಿನವರ ಮಾತು, ಇಲ್ಲ ಅನ್ನಲಾಗಲಿಲ್ಲ.

“ಆ ಹಾಡು ಬಂದ್ರೆ ಏನ್ಮಾಡ್ತೀರಿ?” ಅಂದೆ ದಾರಿಯಲ್ಲಿ.

“ಆ ಹಾಡು ಬಂದಾಗ ನನ್ನ ಹಾರ್ನುಗಳು ಟೀ ಕುಡಿಯೋಕೆ ಹೋಗಿರ್ತವೆ.”

ಹಾಗೆಯೇ ಮಾಡಿದರು. ಗಿಟಾರು ಶುರುವಾದ ಕೂಡಲೇ ಆಂಪ್ಲಿಫೈಯರಿನ ಸ್ವಿಚ್ಚು ಕೆಳಗೆ. ರಸ್ತೆಯಲ್ಲಿ ನಿಂತಿದ್ದವರೆಲ್ಲ ನಮ್ಮ ಕಡೆ ತಿರುಗಿ, “ಲೇ, ಹಾಕ್ರಲಾ!” “ಏನ್ ಭಾಯ್, ಇವತ್ತೇ ಕೆಡ್ಬೇಕಿತ್ತಾ ನಿಮ್ದು?” ಅಂತ ಕೂಗಿದರು. ಭಾಯ್ ಎಡಗಿವಿಯನ್ನು ಅವರ ಕಡೆ ತಿರುಗಿಸಿ ನಿಂತರು. ವೇದಿಕೆಯ ಸದ್ದು ಹೇಗೂ ಅಲ್ಲಿಯತನಕ ಬರುತ್ತಿತ್ತು. ಒಂದನೆಯ ನುಡಿ ಆಯಿತು. ಎರಡನೆಯದು ಆಯಿತು.

“ಟಕ್!”

ಇಡೀ ಮೈದಾನ ಅಂದಿತು. ಹೆಂಗಸರು, ಕಾಲೇಜು ಹುಡುಗರು, ಬಂದೋಬಸ್ತಿಗೆ ನಿಂತ ಪೊಲೀಸರು ಕೂಡ. ಟಕ್ ಅಂದು ಸುಮ್ಮನಾಗದೆ ಜೋರಾಗಿ ಪಲ್ಲವಿ ಹಿಡಿದರು. ಅಲ್ಲಿ ವೇದಿಕೆಯ ಮೇಲೆ ಹುಡುಗ ಮೂರನೆಯ ನುಡಿ ಎತ್ತಿಕೊಂಡಿದ್ದ. ಎರಡೂ ಡಿಕ್ಕಿ ಹೊಡೆದವು. ಹುಡುಗ ತಬ್ಬಿಬ್ಬಾದ, ವಾದ್ಯದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಲ್ಲಿಸಿದರು. ಆಮೇಲೆ ಅವನು ನಕ್ಕುಬಿಟ್ಟ.

“ಏನದು ಟಕ್? ಯಾರು ಹೇಳಿಕೊಟ್ಟಿದ್ದು?” ಅಂದ ಮೈಕಿನಲ್ಲಿ.

ಜನ ರಸ್ತೆಯ ಕಡೆ ಕೈ ತೋರಿಸಿ, “ಮೈಕ್ ಭಾಯ್!” ಅಂತ ಕೂಗಿದರು.

ನಾನು ಭಾಯ್ ಮುಖ ನೋಡಿದೆ. ಹುಡುಗನನ್ನು ಗೆದ್ದ ಸಂತೋಷ ಅದು. “ನೋಡ್ದಾ ತಮ್ಮಾ? ಜನಕ್ಕೆ ಗೊತ್ತೈತೆ ಯಾವ್ದು ಅಸಲಿ ಅಂತ” ಅಂದರು.

ಕಾರ್ಯಕ್ರಮ ಆರು ಗಂಟೆಗೇ ಮುಗಿಯಿತು. ವೈರು ಸುತ್ತುತ್ತಿದ್ದಾಗ ಒಬ್ಬರು ಬಂದು, ಹುಡುಗ ಭಾಯ್‌ನ ನೋಡಬೇಕಂತೆ ಅಂದರು. ವೇದಿಕೆಯ ಹಿಂದೆ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬಿಸಿನೀರು ಕುಡಿಯುತ್ತಿದ್ದ. ಶೀತ ಆಗಿ ಮೂಗು ಕೆಂಪಾಗಿತ್ತು. ಟಿ.ವಿ.ಯಲ್ಲಿ ಕಾಣುವುದಕ್ಕಿಂತ ತೀರ ಚಿಕ್ಕವನು. ಎದ್ದು ನಿಂತು ಕುರ್ಚಿಯನ್ನು ಭಾಯ್‌ಗೆ ಕೊಟ್ಟ.

“ಅಂಕಲ್, ಆ ಟಕ್ ಸೂಪರ್. ಎಲ್ಲಿಂದ ಬಂತು?”

“ಅದು ಹಾಡಲ್ಲೇ ಇರೋದಪ್ಪ. ನೀನೇ ಅದನ್ನ ತೆಗ್ದು ನಿಂದೊಂದು ನುಡಿ ಹಾಕಿದ್ದೀಯ. ಹಳೇರ ಹಾಡಿಗೆ ಹಂಗೆಲ್ಲಾ ಕೈ ಹಾಕ್ಬಾರ್ದು.”

“ಅಯ್ಯೋ, ನಾನು ಒಂದಕ್ಷರ ಸೇರ್ಸಿಲ್ಲ ಅಂಕಲ್. ಮೂರನೇ ನುಡಿ ಮೊದ್ಲಿಂದ್ಲೂ ಇದೆ. ನಮ್ಮಮ್ಮ ಅದನ್ನ ಹಾಡೇ ನನ್ನ ಮಲಗಿಸ್ತಿದ್ದಿದ್ದು. ಆ ನುಡಿಗೋಸ್ಕರಾನೇ ನಾನು ಈ ಹಾಡು ಆರಿಸ್ಕೊಂಡಿದ್ದು.”

ಫೋನು ತೆಗೆದು ಹಳೆಯ ಹಾಡನ್ನು ಹಚ್ಚಿದ. ಅವರಮ್ಮನ ಹತ್ತಿರ ಇದ್ದ ಕ್ಯಾಸೆಟ್ಟಿನಿಂದ ತೆಗೆದದ್ದಂತೆ. ಭಾಯ್ ಅದನ್ನು ಬಲಗಿವಿಗೆ ಒತ್ತಿ ಹಿಡಿದರು. ಅದೇ ಗಿಟಾರು, ಅದೇ ತಮಟೆ, ಅದೇ ದನಿ, ನನಗೂ ಸಣ್ಣಗೆ ಕೇಳುತ್ತಿತ್ತು. ಎರಡನೆಯ ನುಡಿ ಮುಗಿಯಿತು. ನನ್ನ ಬಾಯಲ್ಲಿ ತಾನಾಗಿ ಟಕ್ ಬಂತು. ಹಾಡಿನಲ್ಲಿ ಬರಲಿಲ್ಲ. ಅದರ ಬದಲು ಒಬ್ಬ ಗಂಡಸಿನ ದನಿ ಬಂತು.

ಬಂದೇ ಇದ್ದೀನಿ ಬಾಗಿಲ ಹಿಂದೆ,
ಬೈಯೋದ ಮುಗಿಸು, ಒಳಗೆ ಬರುವೆ.

ಭಾಯ್ ಮೂರು ಸಲ ಹಾಕಿಸಿಕೊಂಡು ಕೇಳಿದರು. ಕೊನೆಗೆ ಫೋನು ವಾಪಸು ಕೊಟ್ಟು, ಹುಡುಗನ ತಲೆಯ ಮೇಲೆ ಕೈಯಿಟ್ಟು, “ಕಾಳುಮೆಣಸಿನ ಕಷಾಯ ಕುಡಿ ಮಗಾ” ಅಂದರು. ಅಷ್ಟೇ.

ಗಾಡಿ ಶಿರಾ ರಸ್ತೆಗೆ ಹೊರಳಿತು. ನಾಲ್ಕೈದು ಮೈಲಿ ಹೋದ ಮೇಲೆ ಅವರೇ, “ಸ್ಟಿಕ್ಕರ್ ಕಣ್ಲಾ” ಅಂದರು.

“ಏನು ಸ್ಟಿಕ್ಕರ್ರು?”

“ಟಕ್.”

ಆಮೇಲೆ ಎಲ್ಲ ಹೇಳಿದರು. ಆ ಕ್ಯಾಸೆಟ್ಟು ತಂದ ಮಾರನೆಯ ದಿನವೇ ಹುಲಿಕುಂಟೆಯಲ್ಲಿ ಒಂದು ಮದುವೆ. ತಾವೂ ಇನ್ನೂ ಕೇಳಿರಲಿಲ್ಲ, ಅಲ್ಲೇ ಮೊದಲು ಹಾಕಿದ್ದು. ಎರಡು ನುಡಿ ಆಗುತ್ತಿದ್ದ ಹಾಗೆ ಟೇಪು ಪ್ಲೇಯರಿಗೆ ಸುತ್ತಿಕೊಂಡು ಮುದ್ದೆಯಾಯಿತು. ಸುಕ್ಕಾದ ನಾಲ್ಕೈದು ಮೊಳವನ್ನು ಬ್ಲೇಡಿನಿಂದ ಕತ್ತರಿಸಿದರು. ಎರಡು ತುದಿ ಅಂಟಿಸಲು ಏನೂ ಇಲ್ಲ. ಮದುವೆ ಹೆಣ್ಣಿನ ಚಿಕ್ಕಮ್ಮ ಹಣೆಗಿಡುವ ಸ್ಟಿಕ್ಕರಿನ ಹಾಳೆ ತಂದು, “ಇದು ಅಂಟ್ತದಾ ನೋಡಿ ಸಾಬ್ರೇ” ಅಂದರು. ಅಂಟಿತು. ಆ ಸ್ಟಿಕ್ಕರು ಪ್ಲೇಯರಿನ ಹೆಡ್ಡಿನ ಮೇಲೆ ಹಾಯುವಾಗ ಟಕ್ ಅಂತಿತ್ತು. ಜನ ನಕ್ಕರು, ಮುಂದಿನ ಸಲ ಅವರೂ ಅಂದರು. ನಾಲ್ಕು ಮದುವೆ ಕಳೆಯುವಷ್ಟರಲ್ಲಿ ಅದು ಹಾಡಿನದೇ ಆಗಿಬಿಟ್ಟಿತು. ಸ್ಟಿಕ್ಕರಿನ ವಿಷಯ ಅವರಿಗೇ ಮರೆತಿತ್ತು. ಟೇಪಿನ ಹಿಂಬದಿಯ ಹಾಡಿಗೂ ಅಷ್ಟೇ ಕತ್ತರಿ ಬಿದ್ದಿತ್ತು, ಪಾಪ, ಅದನ್ನು ಯಾರೂ ಕೇಳುವವರಿರಲಿಲ್ಲ.

“ಕತ್ತರಿಸಿದ್ದು ಎಲ್ಲೋಯ್ತು? ನೀವು ಏನನ್ನೂ ಬಿಸಾಕೋರಲ್ವಲ್ಲ” ಅಂದೆ.

“ಮನೆ ಯಜಮಾನ್ರು ಇಸ್ಕೊಂಡ್ರು. ರಾಗಿ ತೆನೆಗೆ ಗುಬ್ಬಿ ಬರ್ತವೆ, ಹೊಲದಲ್ಲಿ ಕಟ್ತೀನಿ, ಗಾಳಿಗೆ ಗುಂಯ್ ಅಂತದೆ ಅಂದ್ರು.” ಕಿಟಕಿಯ ಗಾಜು ಇಳಿಸಿ, “ಅವ್ಳು ಗಾಳೀನ ಕೇಳ್ತಾನೇ ಇದ್ಲು. ಅವ್ನು ಗಾಳೀಲೇ ಉತ್ರ ಹೇಳ್ತಾ ಇದ್ದ, ಹುಲಿಕುಂಟೆ ಹೊಲದಲ್ಲಿ, ಗುಬ್ಬಿಗಳ್ಗೆ” ಅಂದರು. ಆಮೇಲೆ ನಕ್ಕರು. ನಗುತ್ತಾ ಕಣ್ಣು ಒರೆಸಿಕೊಂಡರು. “ನಾಲ್ಕು ತಾಲ್ಲೂಕಿನ ಹೆಂಗಸ್ರಿಗೆ ಅವ್ನು ಬರ್ಲೇ ಇಲ್ಲ ಅಂತ ಹೇಳ್ಬುಟ್ನಲ್ಲೋ ತಮ್ಮಾ, ಮೂವತ್ತು ವರ್ಷ!”

ಮಾರನೆಯ ದಿನ, ಭಾನುವಾರ, ಬೆಳಿಗ್ಗೆ ಎಂಟಕ್ಕೇ ನಮ್ಮ ಮನೆಗೆ ಬಂದರು. ಮಗಳು ಮುಖ ಊದಿಸಿಕೊಂಡೇ ಟೀ ಕೊಟ್ಟಳು.

“ಡಿಜೆಗೆ ಫೋನ್ ಮಾಡ್ದಾ?”

“ನಾಳೆ ಮಾಡ್ತೀನಿ.”

“ಬ್ಯಾಡ. ನಿನ್ನ ಹಾಡೇ ಹಾಕ್ತೀನಿ. ಪೂರ್ತಿ ಹಾಕ್ತೀನಿ. ಆದ್ರೆ ನಂದೂ ಒಂಚೂರು ಇರ್ತದೆ, ಕ್ಯಾತೆ ತೆಗೀಬಾರ್ದು.”

“ಮೈಕ್ ಮುಟ್ಟಲ್ಲ ಅಂದಿದ್ರಲ್ಲ ಟೀ ಅಂಗಡೀಲಿ?”

“ಅಲ್ಲಿ ಹತ್ತು ಜನ ಇದ್ರು. ಹತ್ತು ಜನಕ್ಕೂ ಹೋಗಿ ತಪ್ಪಾಯ್ತು ಅಂದು ಬಂದಿದ್ದೀನಿ. ಟೀ ಅಂಗ್ಡಿಯವ್ನು ಎರಡ್ಸಲ ಹೇಳಿಸ್ಕೊಂಡ, ಬಡ್ಡಿಮಗ.”

ಮಗಳು ನಕ್ಕಳು. ಅವತ್ತು ಮೂರು ಜನಕ್ಕೂ ಎರಡನೆಯ ಸಲ ಟೀ ಆಯಿತು.

ಮದುವೆಯ ದಿನ ಮೈಕಿನಲ್ಲಿ ಮೊದಲ ಮಾತು ನನ್ನ ಅವ್ವನದು. ಎಂಬತ್ತು ದಾಟಿದ ಜೀವ. “ಎಲ್ರೂ ಉಂಡ್ಕಂಡು ಹೋಗ್ರಪ್ಪ, ಮುದ್ದೆ ಉಳಿಸ್ಬ್ಯಾಡ್ರಿ” ಅಂದಳು. ಮಗಳು ಬಾಗಿಲಲ್ಲಿ ಕಾಣಿಸಿಕೊಂಡಾಗ ಆ ಹುಡುಗನ ಹಾಡು ಶುರುವಾಯಿತು. ಭಾಯ್ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಆಂಪ್ಲಿಫೈಯರ್ ಪೆಟ್ಟಿಗೆಯ ಮುಂದೆ ಕೂತಿದ್ದರು. ಎರಡನೆಯ ನುಡಿ ಮುಗಿದ ಕೂಡಲೇ ಹಾಡನ್ನು ನಿಲ್ಲಿಸಿ, ಉಂಗುರದ ಬೆರಳಿನಿಂದ ಮೈಕಿಗೆ ಒಂದು ಸಲ ತಟ್ಟಿದರು. ಟಕ್. ಛತ್ರದ ಜನವೆಲ್ಲ ಅಂದಿತು, ಅಡುಗೆಮನೆಯಿಂದ ಸೌಟಿನ ಸದ್ದು ಬಂತು. ಎಲ್ಲರೂ ಪಲ್ಲವಿಗೆ ಬಾಯಿ ತೆರೆಯುವಷ್ಟರಲ್ಲಿ ಭಾಯ್ ಎದ್ದು ನಿಂತು ಕೈಯೆತ್ತಿದರು. ಅವರು ಜನರನ್ನು ಸುಮ್ಮನಿರಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಮೇಲೆ ಹಾಡನ್ನು ಬಿಟ್ಟರು.

ಬಂದೇ ಇದ್ದೀನಿ ಬಾಗಿಲ ಹಿಂದೆ.

ಮಗಳು ನಡೆದು ಬಂದಳು. ಪಕ್ಕದಲ್ಲಿ ಕೂತಿದ್ದ ಅವ್ವ ನನ್ನ ತೋಳು ಹಿಡಿದು ಎಳೆದಳು.

“ಬಂದಿದ್ನಂತೇನ್ಲಾ? ನಾನು ಇಷ್ಟ್ ವರ್ಷ ಅವ್ನು ಸತ್ತೇ ಹೋದ ಅಂದ್ಕಂಡಿದ್ದೆ ಕಣಪ್ಪ.”

ಇದನ್ನು ಭಾಯ್‌ಗೆ ಹೇಳಿದಾಗ ಅವರು ಪಾಯಸದ ಲೋಟ ಹಿಡಿದುಕೊಂಡೇ ಹಿಂದಿನ ಬಾಗಿಲಿಂದ ಹೊರಗೆ ಹೋದರು. ಸ್ವಲ್ಪ ಹೊತ್ತಾದ ಮೇಲೆ ಬಂದು, “ಅಜ್ಜಿಗೆ ಇನ್ನೊಂದ್ಸಲ ಹಾಕ್ತೀನಿ” ಅಂದರು. ಹಾಕಿದರು.

ಎರಡು ತಿಂಗಳು ಕಳೆದಿತ್ತು. ಕೊರಟಗೆರೆಯಲ್ಲಿ ಒಂದು ಗೃಹಪ್ರವೇಶ. ಆಂಪ್ಲಿಫೈಯರ್ ನಾನು ಇಳಿಸುತ್ತೇನೆ ಅಂದರೂ ಕೇಳದೆ ತಾವೇ ಎತ್ತಿದರು. ಇಳಿಸಿ ಎದೆ ನೀವಿಕೊಂಡರು. “ಏನ್ ಭಾಯ್?” ಅಂದೆ. “ಗ್ಯಾಸ್ಟ್ರಿಕ್ಕು ಕಣ್ಲಾ, ಸುಮ್ಕಿರು” ಅಂದರು. ಆಸ್ಪತ್ರೆಗೆ ಹೋಗೋಣ ಅಂದೆ. ಸೋಡಾ ಕುಡಿಯೋಣ ಅಂದರು. ಸೋಡಾ ಕುಡಿದೆವು. ಮೂರನೆಯ ದಿನ ಮಧ್ಯಾಹ್ನ ನಮಾಜು ಮುಗಿಸಿ ಬಂದು ಮಲಗಿದವರು ಏಳಲಿಲ್ಲ. ಎದೆನೋವು ತಿಂಗಳಿಂದ ಇತ್ತಂತೆ, ಔಷಧಿ ಅಂಗಡಿಯವನು ಆಮೇಲೆ ಹೇಳಿದ. ಮನೆಯವರಿಗೂ ಹೇಳಿರಲಿಲ್ಲ, ನನಗೂ ಹೇಳಿರಲಿಲ್ಲ. ಇಪ್ಪತ್ತೆರಡು ವರ್ಷ ಬಲಗಿವಿಯಲ್ಲಿ ನನ್ನ ಮನೆಯ ಕಷ್ಟಸುಖವನ್ನೆಲ್ಲ ಕೇಳಿಸಿಕೊಂಡ ಮನುಷ್ಯ ತನ್ನದೊಂದು ನೋವನ್ನು ನನಗೆ ಹೇಳಲಿಲ್ಲ.

ಖಬರಸ್ತಾನದಲ್ಲಿ ಅವರ ಕಡೆಯವರು ಹೇಳಿಕೊಟ್ಟ ಹಾಗೆ ನಾನೂ ಮೂರು ಹಿಡಿ ಮಣ್ಣು ಹಾಕಿದೆ. ಬಲಮಗ್ಗುಲಿಗೆ ತಿರುಗಿಸಿ ಮಲಗಿಸುತ್ತಾರೆ. ಕೇಳುವ ಕಿವಿ ಕೆಳಗಾಯಿತು, ಕೇಳದ ಕಿವಿ ಮೇಲಾಯಿತು. ಇನ್ನು ನಾನು ಎಷ್ಟು ಬೈದರೂ ಇವರಿಗೆ ನಡೆಯುತ್ತದೆ ಅಂದುಕೊಂಡೆ. ಅವತ್ತಿನಿಂದ ಬೈಯುತ್ತಲೇ ಇದ್ದೇನೆ. ಗಾಡಿ ಹತ್ತಿದರೆ ಸಾಕು. ಸೋಡಾ ಅಂತೆ, ಗ್ಯಾಸ್ಟ್ರಿಕ್ಕಂತೆ.

ಹೋದ ವಾರ ಹುಲಿಕುಂಟೆ ಕಡೆ ಗೊಬ್ಬರದ ಮೂಟೆ ಇಳಿಸಿ ವಾಪಸು ಬರುತ್ತಿದ್ದೆ. ರಸ್ತೆ ಪಕ್ಕ ರಾಗಿ ತೆನೆ ಬಿಟ್ಟಿತ್ತು. ಈಗ ಕ್ಯಾಸೆಟ್ಟಿನ ಟೇಪು ಎಲ್ಲಿ ಸಿಗಬೇಕು, ಅಂಗಡಿಯಲ್ಲಿ ಸಿಗುವ ಕೆಂಪು ಬಿಳಿ ಹೊಳೆಯುವ ಪಟ್ಟಿ ಕಟ್ಟಿದ್ದರು. ಬೈಯುತ್ತಾ ಬರುತ್ತಿದ್ದವನು ಗಾಡಿ ನಿಲ್ಲಿಸಿ ಎಂಜಿನ್ ಆರಿಸಿದೆ. ಗಾಳಿ ಬಂದಾಗ ಪಟ್ಟಿ ಗುಂಯ್ ಅನ್ನುತ್ತಿತ್ತು. ಎಡಗಡೆಯ ಸೀಟು ಅವರು ಹಿಂದಕ್ಕೆ ಸರಿಸಿಕೊಂಡ ಹಾಗೆಯೇ ಇದೆ. ಅತ್ತ ತಿರುಗಿ, ಉಳಿದದ್ದನ್ನೆಲ್ಲ ಇವತ್ತೇ ಬೈದು ಮುಗಿಸೋಣ ಅಂತ ಶುರು ಮಾಡಿದೆ. ಮುಕ್ಕಾಲು ಬೈದಿದ್ದೆ. ಆ ಸಾಲು ನೆನಪಾಯಿತು.

ಬೈಯೋದ ಮುಗಿಸು, ಒಳಗೆ ಬರುವೆ.

ಮುಗಿಸಿದ ಮೇಲೂ ಅವರು ಬರದಿದ್ದರೆ? ಉಳಿದ ಕಾಲುಭಾಗವನ್ನು ನಾಳೆಗೆ ಇಟ್ಟುಕೊಂಡು ಗಾಡಿ ಸ್ಟಾರ್ಟ್ ಮಾಡಿದೆ.